ಗಂಡನ ಸಹಿ ಬೇಡ, ಸ್ಕ್ಯಾನ್ ಬೇಕು

ಗರ್ಭ ನಿಂತು ಆರು ವಾರ ಆಗಿದೆ, ಗಂಡ ಊರಲ್ಲಿಲ್ಲ, ಗರ್ಭಪಾತಕ್ಕೆ ಅವರ ಸಹಿ ಬೇಕೇ ಬೇಕಾ, ಮೆಡಿಕಲ್ ಶಾಪಿಂದ ಮಾತ್ರೆ ತಂದರೆ ಆಗಲ್ವಾ ಅಂತ ಕೇಳಿದ್ದೀರಿ.

ಸಹಿ ಬೇಡ. 18 ತುಂಬಿದವರಿಗೆ ಅವರ ಒಪ್ಪಿಗೆ ಸಾಕು, 1971ರ ಗರ್ಭಪಾತ ಕಾಯ್ದೆಯಲ್ಲೇ ಇದೆ. ಆದರೂ ಕೆಲವರು 'ಯಜಮಾನರನ್ನು ಕರ್ಕೊಂಡು ಬನ್ನಿ' ಅನ್ನುತ್ತಾರೆ. ನನ್ನ ತಂಗಿಗೂ ಒಂದು ನರ್ಸಿಂಗ್ ಹೋಮಿನಲ್ಲಿ ಹೀಗೇ ಆಯಿತು. ವಾದ ಮಾಡದೆ ಸುಮ್ನೆ ಎದ್ದು ಬೇರೆ ಕಡೆ ಹೋದಳು.

ಮಾತ್ರೆ ಮಾತ್ರ ನೀವಾಗಿಯೇ ತರಬೇಡಿ. ಡಾಕ್ಟರ್ ಚೀಟಿ ಬೇಕು ಅನ್ನುವುದು ಒಂದು ಕಡೆ ಇರಲಿ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕೂತಿದ್ದರೆ ಈ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಕುತ್ತು. ಅದಕ್ಕೇ ಮೊದಲು ಸ್ಕ್ಯಾನ್. ಆಮೇಲೆ ಮಿಫೆಪ್ರಿಸ್ಟೋನ್ ಅನ್ನೋ ಮಾತ್ರೆ, ಒಂದೆರಡು ದಿನ ಬಿಟ್ಟು ಮಿಸೋಪ್ರೊಸ್ಟಾಲ್ ಅನ್ನೋ ಮಾತ್ರೆ. 9 ವಾರದವರೆಗೆ ಕೊಡುತ್ತಾರೆ, ನಿಮಗಿನ್ನೂ ಸಮಯವಿದೆ. ಮುಟ್ಟಿಗಿಂತ ಜಾಸ್ತಿ ರಕ್ತ ಹೋಗುತ್ತದೆ, ಹೊಟ್ಟೆನೋವೂ ಇರುತ್ತದೆ, ಹೆದರಬೇಡಿ. ಆದರೆ ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಎರಡು ಗಂಟೆ ತೊಯ್ದರೆ ತಕ್ಷಣ ಆಸ್ಪತ್ರೆಗೆ ಓಡಿ.

'ಮುಂದೆ ಮಕ್ಕಳಾಗಲ್ಲ' ಅಂತ ಅತ್ತೆ ಹೇಳಿದರಂತಲ್ಲ, ಅದು ನಿಜವಲ್ಲ. ದುಡ್ಡಿನ ಚಿಂತೆ ಇದ್ದರೆ ಬೆಂಗಳೂರಿನ ಕೆ.ಆರ್. ಮಾರ್ಕೆಟ್ ಹತ್ತಿರದ ವಾಣಿವಿಲಾಸ ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಕ್ಯೂ ಜಾಸ್ತಿ.