ಕೆಂಪು ಬಣ್ಣ ನಡುವೆ ಬದಲಾದರೆ ಮೋಸವೇ?

ನಿಮ್ಮ ಇರಾನಿನ ಹಮದಾನ್ ಕಡೆಯ ರತ್ನಗಂಬಳಿಯ ಕೆಂಪು ಅರ್ಧಕ್ಕೆ ಬಂದ ಮೇಲೆ ತಿಳಿಯಾಗಿದೆ, ಮೋಸ ಹೋದೆನಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಗಾಬರಿ ಬೇಡ. ಇರಾನಿನ ಹಳ್ಳಿಗಳಲ್ಲಿ ಉಣ್ಣೆಗೆ ಸ್ವಲ್ಪ ಸ್ವಲ್ಪವೇ ಬಣ್ಣ ಕಟ್ಟುತ್ತಿದ್ದರು. ಒಂದು ಸಲದ ನೂಲು ಮುಗಿದು ಮುಂದಿನದು ಬಂದಾಗ ಬಣ್ಣ ಒಂಚೂರು ಬೇರೆಯಾಗುತ್ತದೆ. ಇದನ್ನು ಅಬ್ರಶ್ ಅನ್ನುತ್ತಾರೆ. ನನಗಂತೂ ಅದೇ ಚಂದ. ಆದರೆ ಆ ಪಟ್ಟೆ ಹೊಕ್ಕಿನ, ಅಂದರೆ ಅಡ್ಡ ನೂಲಿನ, ದಿಕ್ಕಿನಲ್ಲೇ ಅಡ್ಡಡ್ಡ ಇರಬೇಕು. ಎಲ್ಲೆಂದರಲ್ಲಿ ಮಸುಕಾಗಿದ್ದರೆ ಬಿಸಿಲಿನ ಕೆಲಸ ಇರಬಹುದು.

ಕೈಯಲ್ಲಿ ನೇಯ್ದ ಹಮದಾನೇ ಹೌದಾ ಅಂತ ತಿಳಿಯಲು ಒಮ್ಮೆ ತಿರುಗಿಸಿ ಹಿಂಭಾಗ ನೋಡಿ. ಹಮದಾನ್ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಗಂಟುಗಳ ಎರಡು ಸಾಲಿನ ನಡುವೆ ಒಂದೇ ಹೊಕ್ಕು ಹಾಯಿಸಿ ಬಡಿಯುತ್ತಾರೆ. ಹಾಗಾಗಿ ಹತ್ತಿಯ ಹಾಸು, ಅಂದರೆ ಉದ್ದ ನೂಲು, ಹಿಂದೆ ಬಿಳಿ ಚುಕ್ಕಿಗಳಾಗಿ ಇಣುಕುತ್ತದೆ. ಕುಚ್ಚು ಆ ಹಾಸಿನ ದಾರವೇ ಆಗಿದೆಯಾ, ಆಮೇಲೆ ಹೊಲಿದದ್ದಾ ಅಂತಲೂ ನೋಡಿ.