1862ರ ನಂತರ ಕಾರವಾರ ಯಾಕೆ ಸಿಗುತ್ತಿಲ್ಲ

ಕಾರವಾರ ಬಂದರಿನ ವ್ಯಾಪಾರದ ಅಂಕಿಗಳು 1862ರ ನಂತರ ಮದ್ರಾಸ್ ಪ್ರಾಂತ್ಯದ ವರದಿಗಳಲ್ಲಿ ಯಾಕೆ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ನೀವು ಹುಡುಕುತ್ತಿರುವ ಪ್ರಾಂತ್ಯವೇ ಬೇರೆ, ಅದಕ್ಕೇ ಅಲ್ಲಿ ಕಾರವಾರ ಮಾಯವಾಗಿದೆ. ಆ ವರ್ಷ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಮಂಗಳೂರು ಮದ್ರಾಸಿನಲ್ಲೇ ಉಳಿಯಿತು.

ಮೊದಲು ಮುಂಬಯಿ ಗೆಜೆಟಿಯರಿನ (ಜಿಲ್ಲೆಗಳ ವಿವರ ಕೊಡುವ ಸರ್ಕಾರಿ ಗ್ರಂಥಮಾಲೆ) 15ನೇ ಸಂಪುಟ (ಕೆನರಾ, ಅಂದರೆ ಉತ್ತರ ಕನ್ನಡ, 1883) ತೆಗೀರಿ, ಜೊತೆಗೆ 22ನೆಯದು (ಧಾರವಾಡ, 1884). ಎರಡರಲ್ಲೂ ವ್ಯಾಪಾರದ ಅಧ್ಯಾಯ ಪಕ್ಕಪಕ್ಕ ಇಟ್ಟು ಓದ್ರಿ. ಬಂದರಿನ ಕಥೆ ಅರ್ಧ ನಮ್ಮ ಹುಬ್ಬಳ್ಳಿ ಪೇಟೆಯಲ್ಲೇ ಅದ. ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಅಲ್ಲಿನ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬೇಡಿಕೆ ಏರಿತು, ಚಕ್ಕಡಿಗಳು ಘಟ್ಟ ಇಳಿದು ಕರಾವಳಿಗೆ ಹೋದವು. ಹತ್ತಿಯ ಕೋಷ್ಟಕದಲ್ಲಿ ‘ಕುಮಟಾ’ ಅಂತ ಕಂಡರೆ ಅದನ್ನು ಬಂದರಿನ ಲೆಕ್ಕಕ್ಕೆ ಸೇರಿಸಬೇಡ್ರಿ: ಅಲ್ಲಿ ಅದು ಕುಮಟಾ ಬಂದರು ಅಲ್ಲ, ನಮ್ಮ ಕಡೆಯ ದೇಶಿ ಹತ್ತಿಯ ಹೆಸರು. ‘ಧಾರವಾಡ-ಅಮೆರಿಕನ್’ ಅನ್ನೋದು ಹೊರಗಿನ ಬೀಜದ್ದು.

ಆಮೇಲೆ ರೈಲು. ಲೋಂಡಾ ಮಾರ್ಗವಾಗಿ ಮರ್ಮಗೋವಾಕ್ಕೆ ಹಳಿ ಬಿದ್ದದ್ದು 1880ರ ದಶಕದ ಕೊನೆಗೆ; ಸರಕು ಗೋವಾ ಕಡೆ ತಿರುಗಿತು. ಗೆಜೆಟಿಯರ್ ಅಚ್ಚಾದದ್ದು ಅದಕ್ಕೂ ಮುಂಚೆ, ಹಾಗಾಗಿ ಕಾರವಾರದ ವ್ಯಾಪಾರ ಇಳಿದ ಅಂಕಿಗಳಿಗೆ ಮುಂಬಯಿ ಪ್ರಾಂತ್ಯದ ಮುಂದಿನ ಆಡಳಿತ ವರದಿಗಳೇ ಗತಿ. ರೈಲೊಂದೇ ಕಾರಣ ಅಂತ ಮಾತ್ರ ಬರೆಯಬೇಡ್ರಿ. ದೊಡ್ಡ ಕಾರಣ ಅನ್ನೋದು ನನ್ನ ಅಂದಾಜು, ಅಷ್ಟೇ. ಮಂಗಳೂರಿಗೂ ರೈಲು ಬಂದದ್ದು 1907ರಲ್ಲಿ, ಆದರೆ 1865ರಿಂದಲೇ ಅಲ್ಲಿ ಹಂಚಿನ ಕಾರ್ಖಾನೆ ಇತ್ತು. ಕಾರವಾರಕ್ಕೆ ಅಂಥ ಸ್ವಂತ ಸರಕಿರಲಿಲ್ಲ.

ಧಾರವಾಡದಲ್ಲೇ ಇದ್ದೀರಿ ಅಂದಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೊದಲು ಕೇಳ್ರಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕುವಾಗ ಕಾರವಾರ, ಕುಮಟಾ ಎರಡಕ್ಕೂ ಇಂಗ್ಲಿಷಿನ ‘ಸಿ’ (C) ಅಕ್ಷರದಿಂದ ಶುರುವಾಗುವ ಹಳೇ ಸ್ಪೆಲಿಂಗನ್ನೂ ಹಾಕಿ ನೋಡ್ರಿ.