ಹಿಂದಿನ ಸೀಟಿನಲ್ಲಿ ಕುಳಿತು ನೋಡಿ

ಇಬ್ಬರು ಪುಟ್ಟ ಮಕ್ಕಳು, ಮಂಡಿನೋವಿನ ತಾಯಿ. ಹ್ಯಾಚ್‌ಬ್ಯಾಕ್ ಬಿಟ್ಟು ಸಣ್ಣ ಕ್ರಾಸ್‌ಓವರ್, ಅಂದರೆ ಎಸ್‌ಯುವಿಯಂತೆ ಎತ್ತರವಾಗಿರುವ ಕಾರು, ಕೊಳ್ಳಬಹುದೇ ಎಂದು ಕೇಳಿದ್ದೀರಿ. ಕೊಳ್ಳಬಹುದು, ಮುಖ್ಯವಾಗಿ ನಿಮ್ಮ ತಾಯಿಗಾಗಿ. ಸೀಟು ಸೊಂಟದ ಮಟ್ಟಕ್ಕಿದ್ದರೆ ಬಗ್ಗಿ ಇಳಿದು ಕೂರಬೇಕಿಲ್ಲ, ಏಳುವಾಗ ಬಾಗಿಲನ್ನು ಹಿಡಿದು ಮೈ ಎಳೆದುಕೊಳ್ಳಬೇಕಿಲ್ಲ. ನನ್ನ ತಂದೆಯವರಲ್ಲಿ ಈ ವ್ಯತ್ಯಾಸವನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಎತ್ತರ ಕಂಡು ಒಳಗೂ ವಿಶಾಲವೆಂದು ನಂಬಬೇಡಿ. ಇಂಥ ಅನೇಕ ಕಾರುಗಳು ಹ್ಯಾಚ್‌ಬ್ಯಾಕ್‌ಗಳ ತಳಪಾಯದ ಮೇಲೆಯೇ ನಿಂತಿವೆ. ಯುರೋಪಿನ ರೆನೋ ಕ್ಯಾಪ್ಚರ್ ಕ್ರಾಸ್‌ಓವರ್ ಮತ್ತು ಕ್ಲಿಯೊ ಹ್ಯಾಚ್‌ಬ್ಯಾಕ್ ಒಂದೇ ಬುನಾದಿಯವು. ಹಾಗಾಗಿ ಮಕ್ಕಳ ಸೀಟುಗಳನ್ನು ಶೋರೂಮಿಗೇ ಒಯ್ಯಿರಿ. ಹಿಂದಕ್ಕೆ ಮುಖಮಾಡುವ ಸೀಟನ್ನು ಐಸೋಫಿಕ್ಸ್ ಕೊಂಡಿಗೆ (ಮಕ್ಕಳ ಸೀಟು ಬಿಗಿಯಲು ಕಾರಿನಲ್ಲೇ ಇರುವ ಕೊಂಡಿ) ಸಿಕ್ಕಿಸಿ, ಅದರ ಮುಂದಿನ ಆಸನದಲ್ಲಿ ನೀವೇ ಕುಳಿತು ನೋಡಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿದರೆ ಆ ಕಾರು ನಿಮ್ಮದಲ್ಲ. ಎರಡು ಮಕ್ಕಳ ಸೀಟುಗಳ ನಡುವೆ ದೊಡ್ಡವರು ಕೂರುವುದಂತೂ ಬಹುತೇಕ ಅಸಾಧ್ಯ. ತಾಯಿಗೆ ಮುಂದಿನ ಸೀಟೇ ಸರಿ.

ಡಿಕ್ಕಿಯ ಲೀಟರ್ ಲೆಕ್ಕಕ್ಕಿಂತ ಅದರ ಬಾಯಿಯ ಅಗಲ, ಅಂಚಿನ ಎತ್ತರ ಮುಖ್ಯ. ಮಗುವಿನ ತಳ್ಳುಗಾಡಿಯನ್ನು ಎತ್ತಿ ಇಟ್ಟು ನೋಡಿ. ಇಂಥದ್ದೇ ಕಾರಾದ ಫೋರ್ಡ್ ಪ್ಯೂಮಾದ ಪೆಟ್ರೋಲ್ ಮಾದರಿಯಲ್ಲಿ ಡಿಕ್ಕಿಯ ನೆಲದಡಿ 80 ಲೀಟರಿನ ಗುಂಡಿಯೇ ಇದೆ, ಕೆಸರಿನ ಬೂಟುಗಳಿಗೆ ಬಹಳ ಅನುಕೂಲ.

ಎಂಜಿನ್ ನಾಲ್ಕೂ ಚಕ್ರಗಳನ್ನು ತಿರುಗಿಸುವ ವ್ಯವಸ್ಥೆ (ಫೋರ್-ವೀಲ್ ಡ್ರೈವ್) ಪೇಟೆಯ ಓಡಾಟಕ್ಕೆ ಬೇಡ. ತೂಕವೂ ಇಂಧನವೂ ಹೆಚ್ಚು. ಆ ಹಣವನ್ನು ಒಳ್ಳೆಯ ಟೈರುಗಳಿಗೆ ಹಾಕಿ.